ಕಾಡಿಗೆಂದು ಎತ್ತಿಟ್ಟ ಹಣ ಯಾರ ಕೈಗೆ? ವನ್ಯಜೀವಿ ಸಂಸ್ಥೆಗಳಲ್ಲಿ ಒಂದನ್ನು ಆರಿಸುವ ಬಗೆ

ಹುಲಿಗೆ ಕೊಡಲೋ, ರೆಕ್ಕೆ ಮುರಿದ ಹದ್ದಿಗೆ ಕೊಡಲೋ? ತಿಂಗಳಿಗೆ ಐನೂರು ರೂಪಾಯಿ ಎತ್ತಿಡಲು ಮನಸ್ಸು ಮಾಡಿದವರು ಮೊದಲು ಕೇಳುವುದು ಇದನ್ನೇ. ಅಪ್ಪನ ನೆನಪಿಗೆಂದು ಎರಡು ಲಕ್ಷ ತೆಗೆದಿಟ್ಟ ಮನೆಯವರು "ಸುಮ್ಮನೆ ಗಿಡ ನೆಡಿಸಿಬಿಡೋಣವೆ?" ಎನ್ನುತ್ತಾರೆ. ದುಡ್ಡಿಲ್ಲ, ಭಾನುವಾರ ಮಾತ್ರ ಬಿಡುವು ಎನ್ನುವ ವಿದ್ಯಾರ್ಥಿಗಳಿದ್ದಾರೆ. ಅಮೆರಿಕದಲ್ಲಿ ಕೂತು ಬಂಡೀಪುರಕ್ಕೆ ಏನಾದರೂ ಮಾಡಬೇಕೆನ್ನುವವರೂ ಇದ್ದಾರೆ. ಇವರೆಲ್ಲರಿಗೂ ಒಂದೇ ಹೆಸರು ಹೇಳಿ ಕಳಿಸಲು ಬರುವುದಿಲ್ಲ. "ವನ್ಯಜೀವಿ ಸಂಸ್ಥೆ" ಎಂಬ ಒಂದೇ ಬೋರ್ಡಿನ ಕೆಳಗೆ ಐದಾರು ಬೇರೆ ಬೇರೆ ಕಸುಬುಗಳಿವೆ. ಹಕ್ಕಿಯ ರೆಕ್ಕೆಗೆ ಹೊಲಿಗೆ ಹಾಕುವವರು, ಹುಲಿ ಎಣಿಸುವವರು, ಕಾಡನ್ನು ಮುತ್ತುವ ಲಂಟಾನ ಕಳೆ ಕೀಳುವವರು, ಕೋರ್ಟಿನಲ್ಲಿ ಕಡತ ಹಿಡಿದು ನಿಲ್ಲುವವರು, ರೈತನ ಪರಿಹಾರದ ಅರ್ಜಿ ತುಂಬುವವರು ಎಲ್ಲರೂ ತಮ್ಮನ್ನು ಹಾಗೇ ಕರೆದುಕೊಳ್ಳುತ್ತಾರೆ. ಆದ್ದರಿಂದ ಮೊದಲು ಕಸುಬು ಆರಿಸಿ. ಪ್ರಾಣಿ ಯಾವುದು, ಸಂಸ್ಥೆ ಯಾವುದು ಎಂಬುದು ಆಮೇಲೆ ತಾನಾಗಿ ಬರುತ್ತದೆ.

ಯಾವ ಕೋಲಿನಿಂದ ಅಳೆಯುವುದು

ನಿಮ್ಮ ರೂಪಾಯಿ ಕೊನೆಗೆ ಯಾವ ಖರ್ಚಾಗುತ್ತದೆ ಎಂಬುದು ಮೊದಲ ಅಳತೆ. ಕಾವಲಿನ ಹುಡುಗನ ಸಂಬಳವೋ, ಬೈಕಿನ ಪೆಟ್ರೋಲೋ, ಎಕ್ಸ್‌ರೇಯೋ, ಕ್ಯಾಮೆರಾಗೆ ಹಾಕುವ ಬ್ಯಾಟರಿಯೋ? ಇದನ್ನು ಒಂದೇ ವಾಕ್ಯದಲ್ಲಿ ಹೇಳಬಲ್ಲ ಸಂಸ್ಥೆಯನ್ನು ಅರ್ಧ ನಂಬಬಹುದು. "ಜಾಗೃತಿ ಮೂಡಿಸುತ್ತೇವೆ" ಎಂದಷ್ಟೇ ಉತ್ತರ ಬಂದರೆ ಇನ್ನೊಂದು ಪ್ರಶ್ನೆ ಕೇಳಿ: ಯಾರಲ್ಲಿ, ಎಷ್ಟು ಶಾಲೆಗಳಲ್ಲಿ, ಒಂದು ಶಾಲೆಗೆ ಎಷ್ಟು ಸಲ ಹೋಗುತ್ತೀರಿ?

ಎರಡನೆಯದು ವರ್ಷಗಳ ಲೆಕ್ಕ. ಕಾಡಿನ ಕೆಲಸ ಯಾವುದೂ ಒಂದು ಆರ್ಥಿಕ ವರ್ಷದಲ್ಲಿ ಮುಗಿಯುವುದಿಲ್ಲ. ಒಂದೇ ಜಾಗದಲ್ಲಿ ಹತ್ತು ವರ್ಷ ಕೂತ ಚಿಕ್ಕ ಗುಂಪು, ಹತ್ತು ರಾಜ್ಯಗಳಲ್ಲಿ ಒಂದೊಂದು ವರ್ಷ ತಿರುಗಿದ ದೊಡ್ಡ ಸಂಸ್ಥೆಗಿಂತ ಹೆಚ್ಚು ಕೆಲಸ ಮಾಡಿರುತ್ತದೆ.

ಮೂರನೆಯದು ಅನುಮತಿ. ಅಭಯಾರಣ್ಯದೊಳಗೆ ಕಾಲಿಡಲು, ಕಾಡುಪ್ರಾಣಿಯನ್ನು ಹಿಡಿಯಲು, ಚಿಕಿತ್ಸೆಗೆಂದು ಇಟ್ಟುಕೊಳ್ಳಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಹಾವನ್ನು ಕೊರಳಿಗೆ ಹಾಕಿಕೊಂಡ, ಚಿರತೆ ಮರಿಯನ್ನು ಎತ್ತಿಕೊಂಡ ಫೋಟೊಗಳಿಂದಲೇ ಚಂದಾ ಎತ್ತುವ ಗುಂಪಿದ್ದರೆ ಅಲ್ಲಿಗೇ ನಿಲ್ಲಿಸಿ. ಪ್ರಾಣಿಯನ್ನು ಮುಟ್ಟುವುದೇ ಅವರ ಬಂಡವಾಳ ಎಂದರ್ಥ.

ನಾಲ್ಕನೆಯದು, ಸಿಬ್ಬಂದಿಯಲ್ಲಿ ಕಾಡಂಚಿನ ಊರುಗಳವರು ಎಷ್ಟು ಮಂದಿ? ಇದನ್ನು ಕೇಳಲು ಸಂಕೋಚಪಡಬೇಡಿ.

ಕೊನೆಯದು ಲೆಕ್ಕಪತ್ರ. ಆಡಿಟ್ ಆದ ವಾರ್ಷಿಕ ವರದಿ ಸಂಸ್ಥೆಯ ಜಾಲತಾಣದಲ್ಲೇ ಇರಬೇಕು. ಇಲ್ಲಿ ಬಹಳ ಜನ ಎಡವುವ ಜಾಗವೊಂದಿದೆ. "ಸಂಬಳಕ್ಕೇ ಇಷ್ಟು ಹೋಗಿದೆಯಲ್ಲ" ಎಂದು ಗಾಬರಿಯಾಗುತ್ತಾರೆ. ಕಾಡಿನ ಕೆಲಸದಲ್ಲಿ ಸಂಬಳವೇ ಕೆಲಸ. ಆನೆಯ ಹಿಂದೆ ರಾತ್ರಿ ನಡೆಯುವವನೂ ಸಂಬಳದವನೇ, ಹಕ್ಕಿಯ ಮೂಳೆ ಜೋಡಿಸುವ ಪಶುವೈದ್ಯೆಯೂ ಸಂಬಳದವರೇ. ನೋಡಬೇಕಾದ್ದು ಆ ಸಂಬಳ ಕ್ಷೇತ್ರದ ಸಿಬ್ಬಂದಿಯದೋ ಕಚೇರಿಯದೋ ಎಂಬುದನ್ನು. ಜೊತೆಗೆ, ಮೂರು ವರ್ಷಗಳ ವರದಿಗಳಲ್ಲಿ ಒಂದೇ ಫೋಟೊ, ಒಂದೇ ಕಥೆ ಮರುಕಳಿಸುತ್ತಿದೆಯೇ ಎಂಬುದನ್ನೂ.

ಆಸ್ಪತ್ರೆಗಳು, ಪುನರ್ವಸತಿ ಕೇಂದ್ರಗಳು

ಮನಸ್ಸಿಗೆ ಬೇಗ ತಟ್ಟುವ ಕೆಲಸ ಇದು. ಬೆಂಗಳೂರಿನ ಕೆಂಗೇರಿ ಬಳಿ ಪೀಪಲ್ ಫಾರ್ ಅನಿಮಲ್ಸ್‌ನ ವನ್ಯಜೀವಿ ಆಸ್ಪತ್ರೆ ಇದೆ. ಹಕ್ಕಿ ಮತ್ತು ಸರೀಸೃಪಗಳಿಗೆಂದೇ ಎಆರ್‌ಆರ್‌ಸಿ ಎಂಬ ಪುನರ್ವಸತಿ ಕೇಂದ್ರ ಇದೆ. ಬನ್ನೇರುಘಟ್ಟದಲ್ಲಿ ವೈಲ್ಡ್‌ಲೈಫ್ ಎಸ್‌ಒಎಸ್ ಅರಣ್ಯ ಇಲಾಖೆಯ ಜೊತೆ ಕರಡಿ ಕೇಂದ್ರ ನಡೆಸುತ್ತಿದೆ.

ಆಷಾಢದ ಗಾಳಿಗೆ ಊರೆಲ್ಲ ಗಾಳಿಪಟ ಏರಿದಾಗ ಇಂಥ ಆಸ್ಪತ್ರೆಗಳಿಗೆ ಬರುವ ಹದ್ದುಗಳನ್ನು ನೋಡಬೇಕು. ಗಾಜಿನ ಪುಡಿ ಮೆತ್ತಿದ ಮಾಂಜಾ ದಾರ ರೆಕ್ಕೆಯ ಮುಂಭಾಗದ ತೆಳು ಪೊರೆಯನ್ನು ಬ್ಲೇಡಿನಂತೆ ಸೀಳಿರುತ್ತದೆ. ಮೂಳೆ ಮುರಿಯದಿದ್ದರೂ ಆ ಪೊರೆ ಸರಿಯಾಗಿ ಕೂಡಿಕೊಳ್ಳದೆ ಹಕ್ಕಿ ಹಾರಲಾರದು. ಬಿಡಿಸಲು ಹೋದವರು ದಾರವನ್ನು ಎಳೆದಿದ್ದರೆ ಗಾಯ ಇನ್ನಷ್ಟು ಆಳವಾಗಿರುತ್ತದೆ. ಹೊಲಿಗೆ, ವಾರಗಟ್ಟಲೆ ಡ್ರೆಸ್ಸಿಂಗ್, ಆಮೇಲೆ ದೊಡ್ಡ ಪಂಜರದಲ್ಲಿ ಹಾರಾಟದ ಅಭ್ಯಾಸ. ಇಷ್ಟಾದ ಮೇಲೂ ಕೆಲವು ಆಕಾಶಕ್ಕೆ ಮರಳುವುದಿಲ್ಲ.

ಇಲ್ಲಿ ಕೊಟ್ಟ ಹಣಕ್ಕೆ ಫಲ ಕಣ್ಣೆದುರೇ ಕಾಣುತ್ತದೆ. ಈ ತಿಂಗಳು ಕೊಟ್ಟದ್ದು ಈ ತಿಂಗಳ ಗಾಯಕ್ಕೇ ಹೋಗುತ್ತದೆ. ಮಕ್ಕಳ ಕೈಯಲ್ಲಿ ಕೊಡಿಸಲು ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ನಗರದ ಹದ್ದುಗಳ ಸಂತತಿ ಉಳಿಯುವುದೋ ಅಳಿಯುವುದೋ ಈ ಕೆಲವು ಹದ್ದುಗಳ ಚಿಕಿತ್ಸೆಯಿಂದ ತೀರ್ಮಾನವಾಗುವುದಿಲ್ಲ. ಇದು ಕರುಣೆಯ ಕೆಲಸ, ಹಾಗೆಂದೇ ಒಪ್ಪಿ ಕೊಡಬೇಕು. ರಣಹದ್ದಿನಂತೆ ವರ್ಷಕ್ಕೆ ಒಂದೇ ಮೊಟ್ಟೆಯಿಡುವ, ಈಗಾಗಲೇ ವಿರಳವಾದ ಹಕ್ಕಿಯ ವಿಷಯ ಬೇರೆ. ಅಲ್ಲಿ ಬದುಕಿದ ಒಂದೊಂದೂ ಲೆಕ್ಕಕ್ಕೆ ಬರುತ್ತದೆ.

ಜೀವನಪರ್ಯಂತದ ಹೊಣೆ ಎಂಬುದೂ ಒಂದಿದೆ. ಕುಣಿಸುವ ಕರಡಿಗಳ ಪದ್ಧತಿ 2009ರ ಹೊತ್ತಿಗೆ ನಿಂತಿತು. ವೈಲ್ಡ್‌ಲೈಫ್ ಎಸ್‌ಒಎಸ್ ಬಿಡಿಸಿದ ಆರುನೂರಕ್ಕೂ ಹೆಚ್ಚು ಕರಡಿಗಳು ಮೂಗು ಚುಚ್ಚಿಸಿಕೊಂಡು, ಹಲ್ಲು ಕಳೆದುಕೊಂಡು ಬಂದಂಥವು. ಅವು ಕಾಡಿಗೆ ಮರಳುವಂತಿರಲಿಲ್ಲ. ಬಿಡಿಸಿದ ದಿನ ಚಂದಾ ಹರಿದು ಬರುತ್ತದೆ. ಹದಿನೈದನೇ ವರ್ಷದ ರಾಗಿ ಗಂಜಿಗೆ ಯಾರೂ ಕೊಡುವುದಿಲ್ಲ. ಇಂಥ ಕೇಂದ್ರಕ್ಕೆ ಕೊಡುವುದಾದರೆ ಒಮ್ಮೆಗೇ ಹತ್ತು ಸಾವಿರ ಕೊಡುವುದಕ್ಕಿಂತ ತಿಂಗಳಿಗೆ ಇನ್ನೂರರಂತೆ ನಾಲ್ಕು ವರ್ಷ ಕೊಡಿ. ಮೊತ್ತ ಹೆಚ್ಚುಕಡಿಮೆ ಅಷ್ಟೇ, ಅವರಿಗೆ ಮುಂದಿನ ತಿಂಗಳ ಖರ್ಚು ಯೋಜಿಸಲು ಧೈರ್ಯ ಬರುತ್ತದೆ.

ಹಣ ಕೊಡದೆಯೂ ಇವರಿಗೆ ಮಾಡಬಹುದಾದ ದೊಡ್ಡ ಉಪಕಾರವೆಂದರೆ, ಗಾಯಗೊಂಡ ಹಕ್ಕಿಯನ್ನು ಕೆಡಿಸದೆ ತಲುಪಿಸುವುದು. ಗಾಳಿಗೆ ತೂತು ಮಾಡಿದ ರಟ್ಟಿನ ಪೆಟ್ಟಿಗೆ, ಒಳಗೊಂದು ಹಳೆಯ ಟವೆಲ್, ಮುಚ್ಚಳ ಮುಚ್ಚಿ ಕತ್ತಲು. ಸುತ್ತಿಕೊಂಡ ದಾರವನ್ನು ಎಳೆಯಬೇಡಿ, ಎರಡೂ ಕಡೆ ಕತ್ತರಿಸಿ ಹಾಗೇ ಬಿಡಿ. ಕೊಕ್ಕು ತೆರೆದು ನೀರು ಹೊಯ್ದರೆ ಶ್ವಾಸನಾಳಕ್ಕೆ ಇಳಿದು ಸಾಯುತ್ತದೆ. ಹಾಲು, ಬ್ರೆಡ್ಡು, ಅನ್ನ ಯಾವುದೂ ಬೇಡ. ಯಾರಿಗೆ ಹೇಳಬೇಕೆಂದು ತೋಚದಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926. ಮನೆಯಲ್ಲೇ ಸಾಕಿ ಗುಣಪಡಿಸುತ್ತೇನೆಂದು ಹೊರಡುವುದು ಕಾನೂನಿಗೂ ವಿರುದ್ಧ, ಹಕ್ಕಿಗೂ ಅಪಾಯ.

ಎಣಿಸುವವರು, ಅಧ್ಯಯನ ಮಾಡುವವರು

"ಎಣಿಸಿ ಏನು ಪ್ರಯೋಜನ?" ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ಉತ್ತರಕ್ಕೆ ರಣಹದ್ದನ್ನೇ ನೋಡಿ. ತೊಂಬತ್ತರ ದಶಕದಲ್ಲಿ ಅವು ಸಾಲುಸಾಲಾಗಿ ಸತ್ತಾಗ ಕಾರಣವೇ ತಿಳಿದಿರಲಿಲ್ಲ. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವುನಿವಾರಕ, ಕಳೇಬರದ ಮೂಲಕ ಹಕ್ಕಿಯ ಮೂತ್ರಪಿಂಡ ಕೆಡಿಸುತ್ತಿದೆ ಎಂದು 2004ರ ಹೊತ್ತಿಗೆ ಸಂಶೋಧಕರು ತೋರಿಸಿದರು. 2006ರಲ್ಲಿ ಭಾರತ ಅದನ್ನು ಪಶುವೈದ್ಯದಲ್ಲಿ ನಿಷೇಧಿಸಿತು. 1883ರಲ್ಲಿ ಶುರುವಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹರಿಯಾಣದ ಪಿಂಜೋರಿನಲ್ಲಿ ರಣಹದ್ದು ತಳಿಸಂವರ್ಧನೆ ನಡೆಸುತ್ತಿರುವುದು ಈ ತಿಳಿವಳಿಕೆಯ ಮೇಲೆ ನಿಂತು. ಕಾರಣ ಗೊತ್ತಿಲ್ಲದೆ ಎಷ್ಟು ಹಕ್ಕಿ ಸಾಕಿ ಬಿಟ್ಟಿದ್ದರೂ ಅವು ಅದೇ ವಿಷದ ಮಾಂಸಕ್ಕೇ ಇಳಿಯುತ್ತಿದ್ದವು.

ಕರ್ನಾಟಕದಲ್ಲಿ ಈ ಸಾಲಿನಲ್ಲಿ ಮುಖ್ಯವಾಗಿ ಮೂವರು: 1984ರಲ್ಲಿ ಉಲ್ಲಾಸ ಕಾರಂತರು ಕಟ್ಟಿದ ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್, 1996ರಲ್ಲಿ ಶುರುವಾದ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್, ಅದೇ ವರ್ಷದ ಬೆಂಗಳೂರಿನ ಏಟ್ರೀ. ಇವರಿಗೆ ಕೊಟ್ಟ ಹಣ ಹೇಗೆ ಕರಗುತ್ತದೆ ಎಂಬುದಕ್ಕೆ, ಪ್ರಾಣಿ ಎದುರು ಹಾದಾಗ ತಾನೇ ಫೋಟೊ ತೆಗೆಯುವ ಕ್ಯಾಮೆರಾ ಟ್ರ್ಯಾಪ್ ಒಳ್ಳೆಯ ಉದಾಹರಣೆ. ಕಾಲುದಾರಿಯ ಎರಡೂ ಬದಿಗೆ ಮೊಣಕಾಲೆತ್ತರದಲ್ಲಿ ಎದುರುಬದುರಾಗಿ ಎರಡು ಕ್ಯಾಮೆರಾ ಕಟ್ಟಬೇಕು. ಹುಲಿಯ ಎಡಮಗ್ಗುಲ ಪಟ್ಟೆ ಬಲಮಗ್ಗುಲಿನಂತೆ ಇರುವುದಿಲ್ಲವಾದ್ದರಿಂದ ಒಂದೇ ಕ್ಯಾಮೆರಾ ಇಟ್ಟರೆ ಒಂದು ಹುಲಿ ಎರಡಾಗಿ ಲೆಕ್ಕಕ್ಕೆ ಬಂದೀತು. ಕ್ಯಾಮೆರಾ ಕೊಡಿಸಲು ದಾನಿಗಳು ಸಿಗುತ್ತಾರೆ. ಬ್ಯಾಟರಿ, ಮೆಮೊರಿ ಕಾರ್ಡು, ಆನೆ ಕಿತ್ತೆಸೆದದ್ದಕ್ಕೆ ಬದಲಿ, ಸಾವಿರಾರು ಫೋಟೊ ವಿಂಗಡಿಸುವವರ ಸಂಬಳ, ಇವಕ್ಕೆ ಸಿಗುವುದು ಕಷ್ಟ. ವಸ್ತು ಕೊಡುವ ಆಸೆಯಿದ್ದರೆ, ಅದನ್ನು ನಡೆಸುವ ಎರಡು ವರ್ಷದ ಖರ್ಚನ್ನೂ ಸೇರಿಸಿ ಕೊಡಿ. ಜೀಪು ಬಂದು ಡೀಸೆಲ್ಲೂ ಡ್ರೈವರೂ ಇಲ್ಲದೆ ನಿಂತರೆ ಯಾರಿಗೆ ಲಾಭ?

"ದತ್ತು" ಯೋಜನೆಗಳ ಬಗ್ಗೆ ಎರಡು ಮಾತು. ಹುಲಿ ದತ್ತು ಎಂದು ಸರ್ಟಿಫಿಕೇಟು, ಗೊಂಬೆ ಕಳಿಸುವ ಯೋಜನೆಗಳಲ್ಲಿ ಹಣ ಸಾಮಾನ್ಯ ನಿಧಿಗೇ ಸೇರುತ್ತದೆ. ಮೋಸವೇನಲ್ಲ, ಆದರೆ ಗೊಂಬೆಯ ಖರ್ಚೂ ಅಂಚೆಯೂ ನಿಮ್ಮ ದುಡ್ಡಿನಿಂದಲೇ. ಇದಕ್ಕೆ ತದ್ವಿರುದ್ಧವಾದದ್ದು ಅರುಣಾಚಲದ ಪಕ್ಕೆ ಎಂಬಲ್ಲಿನ ಸುತ್ತಲ ಕಾಡಿನಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್ ನಡೆಸುವ ಮಂಗಟ್ಟೆ ಹಕ್ಕಿಯ ಗೂಡಿನ ದತ್ತು. ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಸೇರಿ, ಕೊಕ್ಕು ತೂರುವಷ್ಟು ಸೀಳು ಬಿಟ್ಟು ಬಾಗಿಲು ಮೆತ್ತಿಕೊಳ್ಳುತ್ತದೆ. ಗಂಡನ್ನು ಹೊಡೆದರೆ ಒಳಗಿನ ಸಂಸಾರವೇ ಉಪವಾಸ ಬೀಳುತ್ತದೆ. ಆ ಗೂಡುಗಳನ್ನು ಕಾಯುವ ನೈಶಿ ಬುಡಕಟ್ಟಿನ ಊರುಗಳವರಿಗೆ ಪಟ್ಟಣದವರ ದತ್ತು ಹಣ ಸಂಬಳವಾಗುತ್ತದೆ. ದತ್ತು ಎಂಬ ಮಾತು ಒಂದೇ. ಹಣ ಕೂಲಿಯಾಗುತ್ತದೋ ಗೊಂಬೆಯಾಗುತ್ತದೋ ನೋಡಿಕೊಳ್ಳಿ.

ಕಾಡಂಚಿನಲ್ಲಿ ನಿಂತವರು

ಈ ಬರಹದ ಪಕ್ಷಪಾತ ಇಲ್ಲಿದೆ, ಮುಚ್ಚಿಡುವುದಿಲ್ಲ. 2022ರ ಅಂದಾಜಿನಂತೆ ಕರ್ನಾಟಕದಲ್ಲಿ 563 ಹುಲಿ. 2023ರ ಎಣಿಕೆಯಂತೆ 6,395 ಆನೆ. ಇಷ್ಟು ಪ್ರಾಣಿಗಳು ರಾಷ್ಟ್ರೀಯ ಉದ್ಯಾನದ ಗಡಿಯೊಳಗೇ ಇರಲಿ ಎಂದರೆ ಇರುವುದಿಲ್ಲ. ರಾಗಿ ಹೊಲ, ಬಾಳೆ ತೋಟ, ಕೊಟ್ಟಿಗೆಗಳ ಪಕ್ಕದಲ್ಲಿ ಏನಾಗುತ್ತದೆ ಎಂಬುದರ ಮೇಲೆ ಕಾಡಿನೊಳಗಿನ ಭವಿಷ್ಯ ನಿಂತಿದೆ.

2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ವಿಷ ಬೆರೆಸಿದ ಹಸುವಿನ ಕಳೇಬರ ತಿಂದು ಒಂದು ತಾಯಿ ಹುಲಿ, ನಾಲ್ಕು ಮರಿ ಸತ್ತವು. ಐದು ಹುಲಿಗೆ ಒಂದು ಹಸು. ಹಸು ಹೋದ ಮನೆಗೆ ಪರಿಹಾರ ಬೇಗ, ಸರಿಯಾಗಿ ತಲುಪಿದರೆ ಇಂಥ ವಿಷಕ್ಕೆ ಕೈ ಹೋಗುವುದು ಕಡಿಮೆಯಾಗುತ್ತದೆ.

ಸರ್ಕಾರದ ಪರಿಹಾರ ಇದೆಯಲ್ಲ ಎನ್ನಬಹುದು. ಇದೆ. ಅದು ಸಿಗದೆ ಹೋಗುವ ದಾರಿಗಳೂ ಇವೆ. ಪಹಣಿ ಇನ್ನೂ ತಾತನ ಹೆಸರಿನಲ್ಲಿರುತ್ತದೆ, ಅಣ್ಣತಮ್ಮಂದಿರ ಒಪ್ಪಿಗೆ ಪತ್ರ ಬೇಕು. ಮಹಜರಿಗೆ ಗಾರ್ಡು ಬರುವಷ್ಟರಲ್ಲಿ ಬೆಳೆ ಮತ್ತೆ ಚಿಗುರಿರುತ್ತದೆ, ಇಲ್ಲವೇ ಕಳೇಬರವನ್ನು ನಾಯಿ ಎಳೆದಿರುತ್ತವೆ. ರೇಂಜ್ ಆಫೀಸಿಗೆ ಎರಡು ಸಲ ಹೋದರೆ ಎರಡು ದಿನದ ಕೂಲಿ ಹೋಯಿತು. ಆದ್ದರಿಂದ ಸಣ್ಣ ನಷ್ಟಕ್ಕೆ ಅರ್ಜಿಯನ್ನೇ ಹಾಕದವರು ಬಹಳ. ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ 2015ರಲ್ಲಿ ಬಂಡೀಪುರ, ನಾಗರಹೊಳೆ ಸುತ್ತ ಶುರುಮಾಡಿದ "ವೈಲ್ಡ್ ಸೇವೆ" ಈ ಬಿರುಕಿಗೇ ಕೈ ಹಾಕಿತು. ರೈತ ಉಚಿತ ಸಂಖ್ಯೆಗೆ ಫೋನ್ ಮಾಡುತ್ತಾನೆ, ಊರಿನದೇ ಸಿಬ್ಬಂದಿ ಬೈಕಿನಲ್ಲಿ ಬಂದು ಫೋಟೊ ತೆಗೆದು, ಅಳತೆ ಬರೆದು, ಅರ್ಜಿ ತುಂಬಿ ಸಲ್ಲಿಸಿ, ಹಣ ಬರುವವರೆಗೆ ಬೆನ್ನು ಹತ್ತುತ್ತಾರೆ. ಪರಿಹಾರದ ಹಣ ಸರ್ಕಾರದ್ದೇ. ನಿಮ್ಮ ಚಂದಾ ಆ ಬೈಕು ಮತ್ತು ಆ ಸಿಬ್ಬಂದಿ. ಕಡಿಮೆ ಖರ್ಚಿನಲ್ಲಿ ದೊಡ್ಡ ಮೊತ್ತವನ್ನು ಅದು ಸೇರಬೇಕಾದ ಕಡೆಗೆ ತಿರುಗಿಸುವ ಕೆಲಸ ಇದು.

ಆನೆಗೆ ಇನ್ನೊಂದು ದಾರಿ. ತಮಿಳುನಾಡಿನ ವಾಲ್ಪಾರೈ ಚಹಾ ತೋಟಗಳಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಆನೆ ಎಲ್ಲಿದೆ ಎಂದು ಎಸ್ಸೆಮ್ಮೆಸ್, ಕೇಬಲ್ ಟಿವಿ ಪಟ್ಟಿ, ಮೊಬೈಲಿನಿಂದ ಹೊತ್ತಿಸುವ ಕೆಂಪು ದೀಪಗಳ ಮೂಲಕ ಮೊದಲೇ ತಿಳಿಸುವ ವ್ಯವಸ್ಥೆ ಕಟ್ಟಿತು. ಕತ್ತಲಲ್ಲಿ ಬಸ್ಸಿಳಿದು ನಡೆಯುವವನಿಗೆ ಎದುರು ಆನೆ ಇದೆಯೆಂಬುದು ಗೊತ್ತಿಲ್ಲದ್ದೇ ಅಲ್ಲಿ ಜೀವ ಹೋಗಲು ಮುಖ್ಯ ಕಾರಣವಾಗಿತ್ತು. ಇದರ ಕೊರತೆಯೆಂದರೆ, ಸುದ್ದಿ ಕೊಡುವವನು ಒಂದು ರಾತ್ರಿ ರಜೆ ಹಾಕಿದರೂ ವ್ಯವಸ್ಥೆ ಕುರುಡು. ಇದು ವರ್ಷಪೂರ್ತಿಯ ಸಂಬಳ ಬೇಡುತ್ತದೆ. ಸೋಲಾರ್ ಬೇಲಿ ದಾನ ಮಾಡಿದವರ ಪಾಡೂ ಹಾಗೇ. ತಂತಿಗೆ ಬಳ್ಳಿ ಹಬ್ಬಿದರೆ ಕರೆಂಟು ಸೋರಿಹೋಗುತ್ತದೆ, ಬ್ಯಾಟರಿಗೆ ಡಿಸ್ಟಿಲ್ಡ್ ನೀರು ಹಾಕುವವರಿಲ್ಲದೆ ಸಾಯುತ್ತದೆ, ಎರಡನೇ ಮಳೆಗಾಲಕ್ಕೆ ಆನೆ ಅದರ ಕಂಬವನ್ನೇ ಒದ್ದು ದಾಟುತ್ತದೆ. ಬೇಲಿಗೆ ಕೊಡುವಾಗ "ಬಳ್ಳಿ ಕೊಯ್ಯುವವರು ಯಾರು, ಅವರಿಗೆ ಕೂಲಿ ಎಲ್ಲಿಂದ?" ಎಂಬ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಕೊಡಬೇಡಿ.

ಕಾಡು ಮರಳಿಸುವವರು ಮತ್ತು ಗಿಡ ನೆಡುವವರು

ಇವೆರಡನ್ನೂ ಒಂದೇ ಎಂದುಕೊಳ್ಳುವುದೇ ಮೊದಲ ತಪ್ಪು. ಬಂಡೀಪುರದ ಅಂಚಿನಲ್ಲಿ ಊರಿನವರ ಜೊತೆ ಲಂಟಾನ ತೆಗೆಯುವ ಜಂಗಲ್‌ಸ್ಕೇಪ್ಸ್, ಮಲೆ ಮಹದೇಶ್ವರ ಬೆಟ್ಟದ ಸೋಲಿಗರ ಜೊತೆ ಲಂಟಾನದಿಂದ ಪೀಠೋಪಕರಣ ಮಾಡಿಸಿದ ಏಟ್ರೀ, ವಾಲ್ಪಾರೈಯಲ್ಲಿ ಮಳೆಕಾಡಿನ ಸ್ಥಳೀಯ ಜಾತಿಗಳನ್ನೇ ಬೆಳೆಸಿ ನೆಡುವವರು ಮೊದಲ ಗುಂಪು. ಜೂನ್ ಐದಕ್ಕೆ ಸಾವಿರ ಗಿಡ ನೆಟ್ಟು ಫೋಟೊ ತೆಗೆಸಿಕೊಳ್ಳುವವರು ಎರಡನೆಯದು.

ಲಂಟಾನ ತೆಗೆಯುವುದನ್ನೇ ನೋಡಿ. ಮಚ್ಚಿನಿಂದ ನೆಲಮಟ್ಟಕ್ಕೆ ಸವರಿದರೆ ಒಂದೇ ಮಳೆಗೆ ಬುಡದಿಂದ ಹತ್ತು ಕೊಂಬೆ ಚಿಗುರುತ್ತವೆ. ಜೆಸಿಬಿ ತಂದರೆ ಮಣ್ಣೆಲ್ಲ ಮಗುಚಿ, ಒಳಗೆ ಮಲಗಿದ್ದ ಬೀಜಗಳು ಮೇಲೆ ಬರುತ್ತವೆ. ಸರಿಯಾದ ಕ್ರಮದಲ್ಲಿ, ಮಣ್ಣು ಹಸಿಯಿರುವಾಗ, ಕಾಯಿ ಹಣ್ಣಾಗುವ ಮೊದಲು, ಬುಡದ ಮಣ್ಣು ಕೆದಕಿ ನೆಲದಿಂದ ಮೂರ್ನಾಲ್ಕು ಸೆಂಟಿಮೀಟರ್ ಕೆಳಗೆ, ಚಿಗುರೊಡೆಯುವ ಗಂಟಿಗಿಂತ ತಗ್ಗಿನಲ್ಲಿ, ತಾಯಿಬೇರನ್ನು ಗುದ್ದಲಿಯಿಂದ ಕಡಿದು ಇಡೀ ಪೊದೆಯನ್ನು ಎತ್ತಿ ತಲೆಕೆಳಗಾಗಿ ಇಡಬೇಕು. ಬೇರು ಗಾಳಿಗೆ ಒಣಗಬೇಕು, ನೆಲ ಮುಟ್ಟಬಾರದು. ಹಕ್ಕಿಗಳು ಕೂತು ಬೀಜ ಉದುರಿಸುವ ಮರಗಳ ಕೆಳಗೆ ಸಸಿಗಳು ದಟ್ಟವಾಗಿ ಏಳುತ್ತವೆ. ಮುಂದಿನ ಎರಡು ಮೂರು ಮಳೆಗಾಲ ಅವನ್ನು ಕೈಯಿಂದ ಕೀಳುತ್ತಲೇ ಇರಬೇಕು. ಬಯಲಾದ ಜಾಗಕ್ಕೆ ಸ್ಥಳೀಯ ಹುಲ್ಲಿನ ಬೀಜ ಎರಚಬೇಕು, ಇಲ್ಲದಿದ್ದರೆ ಲಂಟಾನದ ಜಾಗಕ್ಕೆ ಇನ್ನೊಂದು ಕಳೆ ಬರುತ್ತದೆ. ಹಿಂದೆ ಒಣ ತರಗೆಲೆಗೆ ಹಚ್ಚುತ್ತಿದ್ದ ತರಗು ಬೆಂಕಿ ನಿಂತ ಮೇಲೆ ಲಂಟಾನ ಹೆಚ್ಚಿತು ಎಂದು ಸೋಲಿಗ ಹಿರಿಯರು ಹೇಳುತ್ತಾರೆ. ಆ ಮಾತನ್ನು ಕೇಳಿಸಿಕೊಳ್ಳುವ ಗುಂಪೇ ವಾಸಿ.

ಹಾಗಾಗಿ ಸಂಸ್ಥೆಯನ್ನು ಕೇಳಬೇಕಾದ್ದು "ಎಷ್ಟು ಎಕರೆ ತೆಗೆದಿರಿ?" ಎಂದಲ್ಲ. "ಮೂರು ವರ್ಷದ ಹಿಂದೆ ತೆಗೆದ ಜಾಗ ಈಗ ಹೇಗಿದೆ?" ಎಂದು ಕೇಳಿ. ಅಲ್ಲಿಯ ಫೋಟೊ ಕೊಟ್ಟರೆ ಧೈರ್ಯವಾಗಿ ಕೊಡಿ.

ಗಿಡ ನೆಡುವವರಿಗೂ ಪ್ರಶ್ನೆ ಅಂಥದೇ. ಎರಡು ಬೇಸಿಗೆ ದಾಟಿದವು ನೂರಕ್ಕೆ ಎಷ್ಟು? ಮೊದಲ ಬೇಸಿಗೆಗೆ ನೀರು ಯಾರು ಹೊಯ್ದರು? ಯಾವ ಜಾತಿ? ನೆಟ್ಟ ಜಾಗ ಮೊದಲು ಏನಾಗಿತ್ತು? ಈ ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಕೃಷ್ಣಮೃಗಕ್ಕೆಂದೇ 1974ರಲ್ಲಿ ಘೋಷಿಸಿದ ರಾಣೆಬೆನ್ನೂರು ಅಭಯಾರಣ್ಯದ ಬಹುಭಾಗ ನೀಲಗಿರಿ ನೆಡುತೋಪು. ಹುಲ್ಲುಗಾವಲನ್ನು "ಬಂಜರು" ಎಂದು ಬರೆದುಕೊಂಡು ಮರ ನೆಟ್ಟಾಗ ಓಡುವ ಕೃಷ್ಣಮೃಗಕ್ಕೂ ನೆಲದಲ್ಲಿ ಮೊಟ್ಟೆಯಿಡುವ ಹಕ್ಕಿಗೂ ಮನೆ ಹೋಯಿತು. ಬಯಲುಸೀಮೆಯ ಗೋಮಾಳ, ಕುದುರೆಮುಖದ ಬೆಟ್ಟದ ಹುಲ್ಲು, ಇಲ್ಲೆಲ್ಲ ಗಿಡ ನೆಡುವುದೇ ಹಾನಿ. ಅಪ್ಪನ ನೆನಪಿಗೆ ಗಿಡ ನೆಡಿಸುವ ಆಸೆಯಿದ್ದರೆ ಹೊಸ ಗಿಡಕ್ಕಿಂತ, ಈಗಾಗಲೇ ನೆಟ್ಟದ್ದರ ಐದು ವರ್ಷದ ಆರೈಕೆಗೆ ಕೊಡುವುದು ಮೇಲು. ಬೀಜದುಂಡೆ ಎರಚುವ ಕಾರ್ಯಕ್ರಮಕ್ಕೆ ಹಣ ಬೇಡ. ಮಕ್ಕಳಿಗೆ ಮಣ್ಣು ಕಲಸುವ ಖುಷಿ ಸಿಗುತ್ತದೆ, ಬೀಜದ ಬಹುಪಾಲು ಇರುವೆಗೂ ಬಿಸಿಲಿಗೂ.

ಜಾಗ ಉಳಿಸುವವರು, ಕೋರ್ಟಿಗೆ ಹೋಗುವವರು

ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ 2017ರಲ್ಲಿ ದೇಶದ 101 ಆನೆ ದಾರಿಗಳ ಪಟ್ಟಿ ಕೊಟ್ಟಿತು. 2023ರ ಕೇಂದ್ರ ಸರ್ಕಾರದ ವರದಿ 150 ಎನ್ನುತ್ತದೆ. ವಯನಾಡಿನ ತಿರುನೆಲ್ಲಿ–ಕುದ್ರಕೋಟೆ ದಾರಿಯಲ್ಲಿ ಇದೇ ಟ್ರಸ್ಟ್ ಅಲ್ಲಿದ್ದವರನ್ನು ಒಪ್ಪಿಸಿ, ಬೇರೆಡೆ ಮನೆ ಜಮೀನು ಕೊಟ್ಟು ಜಾಗ ಬಿಡಿಸಿತು. ನಮ್ಮಲ್ಲಿ ಬಿಳಿಗಿರಿ ಬೆಟ್ಟದಿಂದ ಮಹದೇಶ್ವರ ಬೆಟ್ಟದ ಕಡೆಗಿನ ಎಡೆಯರಹಳ್ಳಿ–ದೊಡ್ಡಸಂಪಿಗೆ ದಾರಿಯಲ್ಲೂ ಜಮೀನು ಕೊಂಡು ಕಾಡಿಗೆ ಸೇರಿಸಿದರು. ಇದು ದೊಡ್ಡ ಮೊತ್ತದವರ ದಾರಿ. ಒಮ್ಮೆ ಆದರೆ ಶಾಶ್ವತ. ಆದರೆ ಪಹಣಿ ತಕರಾರು, ಪಾಲುದಾರರು, ಇದ್ದಕ್ಕಿದ್ದಂತೆ ಏರುವ ಬೆಲೆ ಇವುಗಳ ನಡುವೆ ವರ್ಷಗಟ್ಟಲೆ ಹಣ ಬ್ಯಾಂಕಿನಲ್ಲೇ ಕೂರಬಹುದು. ಕೊಡುವ ಮುನ್ನ ಎರಡು ವಿಷಯ ಬರಹದಲ್ಲಿ ಪಡೆಯಿರಿ: ಕೊಂಡ ಜಾಗ ಕೊನೆಗೆ ಯಾರ ಹೆಸರಿಗೆ ಹೋಗುತ್ತದೆ, ಖರೀದಿ ಮುರಿದುಬಿದ್ದರೆ ನಿಮ್ಮ ಹಣ ಯಾವುದಕ್ಕೆ.

ಕಾನೂನಿನ ಕೆಲಸಕ್ಕೆ ಕುದುರೆಮುಖಕ್ಕಿಂತ ದೊಡ್ಡ ಸಾಕ್ಷಿ ಬೇಡ. ರಾಷ್ಟ್ರೀಯ ಉದ್ಯಾನದ ಮಧ್ಯೆ ನಡೆಯುತ್ತಿದ್ದ ಕಬ್ಬಿಣದ ಅದಿರಿನ ಗಣಿಯನ್ನು ಪ್ರಶ್ನಿಸಿ ವೈಲ್ಡ್‌ಲೈಫ್ ಫಸ್ಟ್‌ನ ಕೆ.ಎಂ. ಚಿಣ್ಣಪ್ಪನವರ ಹೆಸರಿನಲ್ಲಿ ಹೋದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರ ಅಕ್ಟೋಬರ್ 30ರಂದು ತೀರ್ಪು ಕೊಟ್ಟಿತು, 2005ರ ಕೊನೆಗೆ ಗಣಿ ನಿಂತಿತು. ಭದ್ರೆಗೆ ಇಳಿಯುತ್ತಿದ್ದ ಕೆಂಪು ಹೂಳನ್ನು ಯಾವ ಗಿಡ ನೆಡುವ ಕಾರ್ಯಕ್ರಮವೂ ತಡೆಯುತ್ತಿರಲಿಲ್ಲ. ಆದರೆ ಇಂಥ ಗುಂಪುಗಳಿಗೆ ಕೊಡುವವರು ಕಡಿಮೆ. ತೋರಿಸಲು ಫೋಟೊ ಇಲ್ಲ, ಆರ್‌ಟಿಐ ಅರ್ಜಿ, ನಕ್ಷೆ, ಅಧಿಸೂಚನೆಯ ಪ್ರತಿಗಳಷ್ಟೇ. ಸೋಲಲೂಬಹುದು. ತಾಳ್ಮೆಯಿದ್ದವರಿಗೆ ಮಾತ್ರ.

ಊರಿನ ಬಳಗಗಳು

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಹಿಕ್ಕೆ ಬಿದ್ದು ಹುಣಸೆ ಫಸಲು ಕೆಡುತ್ತದೆ, ವಾಸನೆ ಬೇರೆ. ಆದರೂ ಮರ ಕಡಿಯದ ಊರು ಅದು. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ, ಮೀನು ಕೊಟ್ಟು, ಹಾರುವವರೆಗೆ ಸಾಕುವುದು ಅಲ್ಲಿಯ ಹೆಜ್ಜಾರ್ಲೆ ಬಳಗದ ಯುವಕರು. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ಇಂಥ ಬಳಗಗಳು ಕರಾವಳಿಯ ಕಡಲಾಮೆ ಗೂಡುಗಳ ಬಳಿಯೂ ಇವೆ, ಕೆರೆಗಳ ದಂಡೆಯಲ್ಲೂ ಇವೆ.

ಸಾವಿರ ರೂಪಾಯಿ ಇಲ್ಲಿ ದೊಡ್ಡದು. ತೊಂದರೆ ಎಂದರೆ ಬಹುತೇಕ ಬಳಗಗಳಿಗೆ ನೋಂದಣಿಯೇ ಇರುವುದಿಲ್ಲ, ತೆರಿಗೆ ರಿಯಾಯಿತಿಯೂ ಇಲ್ಲ, ಮುಂದಾಳು ಒಬ್ಬ ಕೆಲಸ ಹುಡುಕಿ ಬೆಂಗಳೂರಿಗೆ ಹೋದರೆ ಬಳಗವೇ ಮುಗಿಯುತ್ತದೆ. ನಗದು ಕೊಡುವುದಕ್ಕಿಂತ ಆ ಹಂಗಾಮಿನ ಮೀನಿನ ಬಿಲ್ಲನ್ನೋ ಬಲೆಯನ್ನೋ ನೇರ ಅಂಗಡಿಗೆ ಪಾವತಿ ಮಾಡುವುದು ಎರಡೂ ಕಡೆಗೆ ಹಿತ. ದೊಡ್ಡ ಮೊತ್ತ ತಂದು ಸುರಿಯಬೇಡಿ. ಐವರ ನಡುವೆ ಜಗಳ ಹಚ್ಚಲು ಅಷ್ಟು ಸಾಕು.

ನಿಮ್ಮ ಕೈಯಲ್ಲಿ ಇರುವುದು ಏನು?

ತಿಂಗಳಿಗೆ ಇನ್ನೂರರಿಂದ ಸಾವಿರದವರೆಗೆ ಎನ್ನುವವರು ಒಂದೇ ಸಂಸ್ಥೆ ಹಿಡಿಯಿರಿ. ನಾಲ್ಕು ಕಡೆ ಹಂಚಿದರೆ ರಶೀದಿಗಳಷ್ಟೇ ಹೆಚ್ಚುತ್ತವೆ. ಕಾಡಂಚಿನ ಕೆಲಸ ಅಥವಾ ಆಸ್ಪತ್ರೆ, ಎರಡರಲ್ಲಿ ಯಾವುದಾದರೂ ಸರಿ. ಮೊದಲ ವರ್ಷದ ನಂತರ "ಯಾವ ಖರ್ಚಿಗಾದರೂ ಬಳಸಿ" ಎಂದು ಬರೆದುಕೊಡಿ. ಷರತ್ತಿಲ್ಲದ ಹಣವೇ ಅವರಿಗೆ ಸಿಗುವುದು ಕಷ್ಟ.

ವರ್ಷಕ್ಕೆ ಇಪ್ಪತ್ತೈದು ಐವತ್ತು ಸಾವಿರ ಇದ್ದರೆ ಲಂಟಾನ ತೆಗೆದ ಒಂದು ತುಂಡು ಜಾಗದ ಮೂರು ವರ್ಷದ ಆರೈಕೆಗೆ ಹೊಂದುತ್ತದೆ. ಎರಡು ಲಕ್ಷದ ನೆನಪಿನ ನಿಧಿಯನ್ನು ಮೂಲಧನವಾಗಿಟ್ಟು ಬಡ್ಡಿ ಬಳಸಿ ಎಂದರೆ ವರ್ಷಕ್ಕೆ ಹದಿನಾಲ್ಕು ಸಾವಿರವೂ ದಾಟುವುದಿಲ್ಲ. ಅದರ ಬದಲು ಒಬ್ಬ ಕ್ಷೇತ್ರ ಸಿಬ್ಬಂದಿಯ ಒಂದು ವರ್ಷದ ಸಂಬಳದಲ್ಲಿ ನೇರ ಪಾಲು ಕೊಡುವುದು ಉತ್ತಮ. ಹೆಸರಿನ ಫಲಕ ಬೇಕೇಬೇಕೆಂದರೆ ಹಕ್ಕಿ ಆಸ್ಪತ್ರೆಯ ಪಂಜರಕ್ಕೆ ಹಾಕಿಸಿ, ಕಾಡಿನೊಳಗೆ ಬೇಡ.

ಹಣವಿಲ್ಲ, ಸಮಯವಿದೆ ಎನ್ನುವವರಿಗೆ ಬೇರೆ ದಾರಿ. ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್‌ಗೆ ಹದಿನೈದು ನಿಮಿಷ ಕೂತು ಹಕ್ಕಿ ಎಣಿಸಿ ಇ-ಬರ್ಡ್ ಜಾಲತಾಣದಲ್ಲಿ ದಾಖಲಿಸಿದರೂ ಅದು ದತ್ತಾಂಶವೇ. ಮರಗಳ ಋತುಬದಲಾವಣೆ ದಾಖಲಿಸುವ ಸೀಸನ್‌ವಾಚ್‌ನಲ್ಲಿ ಮನೆ ಮುಂದಿನ ಒಂದು ಹೊಂಗೆಯೋ ಮಾವೋ ಆರಿಸಿ ವಾರಕ್ಕೊಮ್ಮೆ ಚಿಗುರು, ಹೂ, ಕಾಯಿ ಗುರುತು ಹಾಕಬೇಕು. ಮೈಸೂರಿನ ಹವ್ಯಾಸಿಗಳು 2014ರಿಂದ 2016ರವರೆಗೆ ಹೀಗೇ ಸೇರಿ ಇಡೀ ನಗರದ ಹಕ್ಕಿ ನಕ್ಷೆ ಮಾಡಿದರು. ಇಲ್ಲಿ ಆಗುವ ಸಾಮಾನ್ಯ ತಪ್ಪು, ಅಪರೂಪದ್ದನ್ನು ಮಾತ್ರ ಬರೆದು ಕಾಗೆ, ಪಾರಿವಾಳ ಬಿಡುವುದು. ಆಗ ಪಟ್ಟಿ ಅಧ್ಯಯನಕ್ಕೆ ಉಪಯೋಗಕ್ಕೆ ಬಾರದು. ಇನ್ನು "ಹದಿನೈದು ದಿನ ಕಾಡಿನಲ್ಲಿ ಸ್ವಯಂಸೇವೆ, ಶುಲ್ಕ ಇಷ್ಟು" ಎಂಬ ಆಹ್ವಾನ ಬಂದರೆ, ಅದು ರಜೆಯ ಪ್ಯಾಕೇಜು ಎಂದುಕೊಂಡು ಬೆಲೆ ಹೋಲಿಸಿ, ದಾನ ಎಂದುಕೊಂಡಲ್ಲ.

ಕಾಗದಪತ್ರ

80ಜಿ ಎಂದು ರೂಢಿಯಲ್ಲಿರುವ ರಿಯಾಯಿತಿ ಹಳೆಯ ತೆರಿಗೆ ಪದ್ಧತಿಯವರಿಗೆ ಮಾತ್ರ. ಹೊಸ ಪದ್ಧತಿ ಆರಿಸಿದ್ದರೆ ಸಿಗುವುದಿಲ್ಲ. ಸಾಮಾನ್ಯವಾಗಿ ಇಂಥ ಸಂಸ್ಥೆಗಳಿಗೆ ಕೊಟ್ಟದ್ದರ ಅರ್ಧ, ಅದೂ ಆದಾಯದ ಶೇ. 10ರ ಮಿತಿಯೊಳಗೆ, ಕಳೆಯಲು ಬರುತ್ತದೆ. 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ಆ ಹಣಕ್ಕೆ ರಿಯಾಯಿತಿಯೇ ಇಲ್ಲ. ದಾನ ಕೊಡುವಾಗ ಪ್ಯಾನ್ ಸಂಖ್ಯೆ ಕೊಡದಿದ್ದರೆ ನಿಮ್ಮ ಹೆಸರು ಅವರ ವಿವರಪಟ್ಟಿಗೆ ಸರಿಯಾಗಿ ಹೋಗುವುದಿಲ್ಲ, ಪ್ರಮಾಣಪತ್ರವೂ ಬರುವುದಿಲ್ಲ.

ವಿದೇಶದಲ್ಲಿರುವವರು ನೋಡಬೇಕಾದ್ದು ಪಾಸ್‌ಪೋರ್ಟು. ಭಾರತೀಯ ಪಾಸ್‌ಪೋರ್ಟ್ ಇರುವ ಅನಿವಾಸಿ ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆಯಲ್ಲ. ಅಮೆರಿಕದ ಪೌರತ್ವ ಪಡೆದು ಒಸಿಐ ಕಾರ್ಡ್ ಇಟ್ಟುಕೊಂಡವರು ಕೊಟ್ಟರೆ, ಬೆಂಗಳೂರಿನ ಖಾತೆಯಿಂದ ಕೊಟ್ಟರೂ, ಅದು ವಿದೇಶಿ ದೇಣಿಗೆ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇರುವ ಸಂಸ್ಥೆ ಮಾತ್ರ ತೆಗೆದುಕೊಳ್ಳಬಹುದು. ಆ ಹಣ ಮೊದಲು ಇಳಿಯಬೇಕಾದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯಲ್ಲಿರುವ ಅವರ ಖಾತೆಗೆ. ಊರಿನಲ್ಲಿರುವ ತಮ್ಮನ ಯುಪಿಐನಿಂದ ಹಾಕಿಸಿಬಿಡುತ್ತೇನೆ ಎಂಬ ಅಡ್ಡದಾರಿಯಿಂದ ಸಿಕ್ಕಿಬೀಳುವುದು ನೀವಲ್ಲ, ಸಂಸ್ಥೆ. ಅವರ ನೋಂದಣಿಗೇ ಕುತ್ತು ಬರುತ್ತದೆ.

ಮಾರ್ಚ್ 31ರೊಳಗೆ ಕೊಟ್ಟದ್ದರ ಪ್ರಮಾಣಪತ್ರ ಮೇ 31ರೊಳಗೆ ಬರಬೇಕು. ಜೂನ್ ಮೊದಲ ವಾರ ಕಳೆದರೂ ಬಾರದಿದ್ದರೆ ಒಂದು ಮೇಲ್ ಹಾಕಿ. ಉತ್ತರ ಎಷ್ಟು ದಿನಕ್ಕೆ ಬರುತ್ತದೆ ಎಂದು ಗಮನಿಸಿ, ಮುಂದಿನ ವರ್ಷದ ತೀರ್ಮಾನ ಆಮೇಲೆ ಮಾಡಿ.